ಪದವಿ ಒಂದು ದಿನದ್ದು, ದಾಖಲೆ ಜೀವಮಾನದ್ದು

ಪ್ರಶ್ನೆ: ಮಗಳು ಜಯನಗರದ ಕಾಲೇಜಿನಲ್ಲಿ ಬಿ.ಕಾಂ. ಸೇರಿದ್ದಾಳೆ. ಸೇರುತ್ತಿದ್ದಂತೆ ಯುಯುಸಿಎಂಎಸ್ ನೋಂದಣಿ, ಎಬಿಸಿ ಐಡಿ, ಡಿಜಿಲಾಕರ್ ಎಂದು ಒಂದರ ಮೇಲೊಂದು ಕೇಳಿದರು. ನಮ್ಮ ಕಾಲದಲ್ಲಿ ಒಂದು ಅರ್ಜಿ, ನಾಲ್ಕು ಫೋಟೊ ಸಾಕಿತ್ತು. ವಿಶ್ವವಿದ್ಯಾಲಯಕ್ಕೆ ಇಷ್ಟೊಂದು ಮಾಹಿತಿ ಏಕೆ? ಇದರ ಹಿಂದೆ ದೂರದ ಯೋಜನೆ ಏನಾದರೂ ಇದೆಯೇ?
— ಓದುಗರು, ಬನಶಂಕರಿ

ಉತ್ತರ: ಇದೆ. ನಿಮ್ಮ ಮಗಳನ್ನು ಕೇಳಿದ ಮೂರೂ ಬೇರೆ ಬೇರೆ ಕೆಲಸದವು. ಯುಯುಸಿಎಂಎಸ್ ರಾಜ್ಯ ಸರ್ಕಾರದ ವ್ಯವಸ್ಥೆ. 2021–22ರ ಸಾಲಿನಿಂದ ಸರ್ಕಾರಿ ವಿಶ್ವವಿದ್ಯಾಲಯಗಳು ಮತ್ತು ಅವುಗಳ ಕಾಲೇಜುಗಳ ಪ್ರವೇಶ, ಪರೀಕ್ಷಾ ಶುಲ್ಕ, ಹಾಲ್ ಟಿಕೆಟ್, ಫಲಿತಾಂಶ ಅದರ ಮೂಲಕ ನಡೆಯುತ್ತಿವೆ. ಎಬಿಸಿ ಎಂದರೆ ಯುಜಿಸಿ 2021ರ ಜುಲೈನಲ್ಲಿ ತಂದ ಕ್ರೆಡಿಟ್ ಖಾತೆ. ಒಂದು ಕಡೆ ಓದಿ ಗಳಿಸಿದ ಕ್ರೆಡಿಟ್ ಅಲ್ಲಿ ಜಮೆಯಾಗುತ್ತದೆ. ಸಾಮಾನ್ಯವಾಗಿ ಗರಿಷ್ಠ 7 ವರ್ಷ ಊರ್ಜಿತ, ಬೇರೆ ಕಾಲೇಜಿಗೆ ಹೋದರೆ ಬಳಸಿಕೊಳ್ಳಬಹುದು. ಅಂಕಪಟ್ಟಿ, ಪದವಿ ಪತ್ರಗಳನ್ನು ಇಡುವ ರಾಷ್ಟ್ರೀಯ ಶೈಕ್ಷಣಿಕ ಭಂಡಾರವನ್ನು 2020ರಿಂದ ನಡೆಸುತ್ತಿರುವುದು ಡಿಜಿಲಾಕರ್. ಪಿಇಎಸ್, ದಯಾನಂದ ಸಾಗರ್, ಜೈನ್‌ನಂಥ ನಿಮ್ಮ ಭಾಗದ ಖಾಸಗಿ ವಿಶ್ವವಿದ್ಯಾಲಯಗಳಿಗೆ ಒಳಾಡಳಿತದ ವ್ಯವಸ್ಥೆ ಬೇರೆ. ಕೊನೆಯ ಎರಡು ಅವಕ್ಕೂ ಅನ್ವಯ.

ದೂರದ ಯೋಜನೆ ಏಕೆ ಬೇಕು ಎಂಬುದಕ್ಕೆ ಬೆಂಗಳೂರು ವಿಶ್ವವಿದ್ಯಾಲಯದ ಕಥೆಯೇ ಸಾಕ್ಷಿ. 1964ರಲ್ಲಿ ಹುಟ್ಟಿದ ಅದು 2017ರಲ್ಲಿ ಮೂರಾಯಿತು. ಮೂರರಲ್ಲಿ ಒಂದಾದ ಬೆಂಗಳೂರು ಕೇಂದ್ರ ವಿಶ್ವವಿದ್ಯಾಲಯ ಮುಂದೆ ಬೆಂಗಳೂರು ನಗರ ವಿಶ್ವವಿದ್ಯಾಲಯ ಎಂದಾಯಿತು, ಅದಕ್ಕೆ ಡಾ. ಮನಮೋಹನ್ ಸಿಂಗ್ ಅವರ ಹೆಸರಿಡುವುದಾಗಿ ಸರ್ಕಾರ 2025ರಲ್ಲಿ ಪ್ರಕಟಿಸಿತು. ಹೀಗೆ ಹೆಸರು, ಗಡಿ ಬದಲಾಗುತ್ತಲೇ ಇದ್ದರೂ 1985ರಲ್ಲಿ ಪಾಸಾದವರ ಅಂಕಗಳನ್ನು ವಿದೇಶದ ವಿಶ್ವವಿದ್ಯಾಲಯವೋ ಕಂಪನಿಯೋ ಇಂದು ಕೇಳಿದರೆ ಯಾರಾದರೂ ಖಚಿತವಾಗಿ ಉತ್ತರಿಸಲೇಬೇಕು.

ಪಠ್ಯಕ್ರಮದ್ದೂ ಇದೇ ಪಾಡು. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ನಾಲ್ಕು ವರ್ಷದ ಪದವಿಯ ದಾರಿ ತೆರೆಯಿತು; 2024–25ರಿಂದ ರಾಜ್ಯ ಮತ್ತೆ ಮೂರು ವರ್ಷಕ್ಕೆ ಮರಳಿತು. ಹಳೆಯ ಸ್ಕೀಮಿನ ಒಂದು ವಿಷಯ ಬಾಕಿ ಉಳಿಸಿಕೊಂಡವರು ಅದೇ ಸ್ಕೀಮಿನಲ್ಲಿ ಬರೆಯಬೇಕಾಗುತ್ತದೆ. ಆದ್ದರಿಂದ ತಂತ್ರಾಂಶ ಇಂದಿನ ನಿಯಮವನ್ನಷ್ಟೇ ಅರಿತಿದ್ದರೆ ಸಾಲದು. ಹಿಂದಿನ ಪ್ರತಿಯೊಂದು ನಿಯಮವನ್ನೂ ನೆನಪಿಟ್ಟುಕೊಂಡಿರಬೇಕು.

ಕಾಗದ ಹೋಗಿ ಕಂಪ್ಯೂಟರ್ ಬಂದ ಮಾತ್ರಕ್ಕೆ ದಾಖಲೆ ಭದ್ರವಾಗುವುದಿಲ್ಲ ಎಂಬ ಪಾಠವನ್ನು ಕನ್ನಡಿಗರು ಮೊದಲೇ ಕಲಿತಿದ್ದೇವೆ. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪು ಮಾಡಿಟ್ಟ ಕಡತವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರ ಮತ್ತು ಚಿಹ್ನೆಗಳು. ಪರಿವರ್ತಿಸಲು ಸಾಧ್ಯವಿದೆ, ಆದರೆ ಯಾರಾದರೂ ಕೂತು ಮಾಡಬೇಕು. ಇಂದಿನ ದಾಖಲೆಗೂ ನಾಳೆ ಅದೇ ಗತಿ ಬರಬಾರದೆಂದರೆ, ಯಾವ ಕಂಪನಿಯ ಹಂಗೂ ಇಲ್ಲದೆ ಓದಬಲ್ಲ ಮುಕ್ತ ಮಾದರಿಯಲ್ಲಿ ಅದನ್ನು ಇಡಬೇಕು. ಗುತ್ತಿಗೆ ಮುಗಿಸಿ ಹೋಗುವ ಸಂಸ್ಥೆ ಪೂರ್ತಿ ಮಾಹಿತಿಯನ್ನು ವಿಶ್ವವಿದ್ಯಾಲಯಕ್ಕೆ ಒಪ್ಪಿಸಿ ಹೋಗಬೇಕೆಂದು ಕರಾರಿನಲ್ಲೇ ಬರೆಸಬೇಕು. ನನ್ನ ಮಟ್ಟಿಗೆ ಒಂದು ವಿಶ್ವವಿದ್ಯಾಲಯದ ಡಿಜಿಟಲ್ ಯೋಜನೆಯನ್ನು ಅಳೆಯುವ ಮೊದಲ ಕೋಲು ಇದು. ಸ್ಮಾರ್ಟ್ ಕ್ಲಾಸು, ಆ್ಯಪು ಎಲ್ಲ ಆಮೇಲಿನ ಮಾತು.

ಎರಡನೆಯದು, ನೀವು ಕೇಳಿದ ‘ಇಷ್ಟೊಂದು ಏಕೆ’ ಎಂಬುದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಸಾರಿದ ಮೊಕದ್ದಮೆಯನ್ನು ಹೂಡಿದವರು ಬೆಂಗಳೂರಿನಲ್ಲೇ ನೆಲೆಸಿದ್ದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಬಂದವು. ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ ಜಾರಿ. ಸರ್ಕಾರಿ ಸಂಸ್ಥೆಗಳಿಗೆ ಕೆಲವು ಸಡಿಲಿಕೆಗಳಿವೆ. ಆದರೂ ಕಾಯ್ದೆಯ ತಿರುಳು ಸರಳ: ಯಾವ ಕೆಲಸಕ್ಕೆ ಬೇಕೋ ಅಷ್ಟನ್ನೇ ಪಡೆಯಬೇಕು, ತಪ್ಪಿದ್ದರೆ ತಿದ್ದಬೇಕು, ಸೋರದಂತೆ ಕಾಯಬೇಕು. ಅಂಕಗಳನ್ನು ಶಾಶ್ವತವಾಗಿ ಇಡುವುದು ಕರ್ತವ್ಯ. ಕುಟುಂಬದ ಆದಾಯ, ಬ್ಯಾಂಕ್ ಖಾತೆಯ ವಿವರವನ್ನು ಕೆಲಸ ಮುಗಿದ ಮೇಲೂ ಇಟ್ಟುಕೊಳ್ಳುವುದು ಅಪಾಯ. ಯಾವುದನ್ನು ಎಷ್ಟು ಕಾಲ ಇಡುತ್ತೇವೆ ಎಂಬ ಪಟ್ಟಿಯನ್ನು ಪ್ರತಿ ವಿಶ್ವವಿದ್ಯಾಲಯವೂ ಕನ್ನಡದಲ್ಲಿ ಪ್ರಕಟಿಸಬೇಕು.

ನೀವು ಈಗಲೇ ಮಾಡಬಹುದಾದ ಕೆಲಸಗಳೂ ಇವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್‌ನಲ್ಲಿ ಮಗಳ ಹೆಸರು ಒಂದೇ ರೀತಿ ಇದೆಯೇ ನೋಡಿ. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಅದರ ವಿಸ್ತಾರ ಇದ್ದರೆ ಕ್ರೆಡಿಟ್ ಖಾತೆಗೆ ಅಂಕ ಸೇರುವಾಗ ತಾಳೆಯಾಗದೆ ತೊಡಕಾಗಬಹುದು. ನೋಂದಣಿಗೆ ಸೈಬರ್ ಸೆಂಟರ್‌ನವರ ನಂಬರ್ ಬೇಡ, ಮಗಳ ಸ್ವಂತ ಮೊಬೈಲ್ ನಂಬರ್ ಮತ್ತು ಇ-ಮೇಲ್ ಕೊಡಿ. ಪ್ರತಿ ಸೆಮಿಸ್ಟರಿನ ಫಲಿತಾಂಶ ಇಳಿಸಿಕೊಂಡು ಪ್ರಿಂಟ್ ತೆಗೆದಿಡಿ.

ಮುಂದಿನ ಪೋಷಕರ ಸಭೆಗೆ ಹೋದಾಗ ಎರಡೇ ಪ್ರಶ್ನೆ ಕೇಳಿ: ಈ ಮಾಹಿತಿ ಯಾರ ಬಳಿ ಇದೆ? ತಪ್ಪಾದರೆ ಯಾರ ಬಳಿ ಹೋಗಬೇಕು? ಪ್ರಾಂಶುಪಾಲರಿಗೆ ಉತ್ತರ ಗೊತ್ತಿರದಿದ್ದರೆ ವಿಶ್ವವಿದ್ಯಾಲಯದಿಂದ ತರಿಸಿಕೊಡುವಂತೆ ಬರೆದು ಕೊಡಿ. ಪೋಷಕರು ಕೇಳುತ್ತ ಹೋದಷ್ಟೂ ಈ ಯೋಜನೆಯಲ್ಲಿ ವಿದ್ಯಾರ್ಥಿಗೆ ಸಿಗಬೇಕಾದ ಜಾಗ ಸಿಗುತ್ತದೆ.