ಎರಡು ‘ನಾವು’

ನನ್ನ ಮನೆಮಾತು ತುಳು. ಕನ್ನಡವು ಪುತ್ತೂರಿನ ಶಾಲೆಯಲ್ಲಿ ಕಲಿತ ನುಡಿ. ಘಟ್ಟವನ್ನು ಹತ್ತಿ ಈ ಕಾಲೇಜಿಗೆ ಬಂದ ಮೇಲೆ ನನ್ನ ಪುಸ್ತಕದ ಕನ್ನಡವನ್ನು ಕೇಳಿ ಗೆಳೆಯರು ನಕ್ಕದ್ದುಂಟು. ಅದಕ್ಕೆ ನಾನು ನೊಂದವನಲ್ಲ. ನೋಯಿಸಿದ್ದು ‘ನಾವು’ ಎಂಬ ಪುಟ್ಟ ಸರ್ವನಾಮ.

“ನಾವು ಶನಿವಾರ ಅಕ್ಕನ ಮದುವೆಗೆ ಹೋಗುತ್ತೇವೆ” ಎಂದು ಕೊಠಡಿಯ ಮಿತ್ರನಿಗೆ ಹೇಳಿದ್ದೆ. ನಾನೂ ಇಲ್ಲಿಯೇ ಓದುವ ನನ್ನ ಚಿಕ್ಕಪ್ಪನ ಮಗನೂ ಎಂಬುದು ನನ್ನ ಅರ್ಥ. ಶನಿವಾರ ಬೆಳಿಗ್ಗೆ ನೋಡಿದರೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವನೂ ಚೀಲ ಹಿಡಿದು ನಿಂತಿದ್ದಾನೆ! ಬಸ್ಸಿಗೆ ಕಾದಿರಿಸಿದ್ದು ಎರಡೇ ಟಿಕೇಟು. ನಾನು ತಡವರಿಸಿದೆ. ಅವನಿಗೆ ತಿಳಿಯಿತು, ಚೀಲವನ್ನು ಮಂಚದ ಕೆಳಗೆ ತಳ್ಳಿ ಸುಮ್ಮನಾದ.

ತುಳುವಿನಲ್ಲಿ ಈ ಪ್ರಮಾದಕ್ಕೆ ಎಡೆಯಿಲ್ಲ. ಕೇಳುವವನನ್ನೂ ಸೇರಿಸಿಕೊಂಡರೆ ‘ನಮ’. ಅವನನ್ನು ಬಿಟ್ಟರೆ ‘ಎಂಕುಲು’. ತಮಿಳಿನಲ್ಲಿ ‘ನಾಮ್’, ‘ನಾಂಗಳ್’. ತೆಲುಗಿನಲ್ಲಿ ‘ಮನಮು’, ‘ಮೇಮು’. ಕಾಲ್ಡ್‌ವೆಲ್ಲರು 1856ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ವ್ಯಾಕರಣದಲ್ಲಿ ಈ ಎರಡು ಬಹುವಚನಗಳ ಚರ್ಚೆಯಿದೆ. ಇಂದಿನ ಕನ್ನಡಕ್ಕೋ ಒಂದೇ ‘ನಾವು’. ಆದರೂ ‘ಹೋಗುತ್ತೇವೆ’, ‘ಹೋಗೋಣ’ ಎಂಬ ಕ್ರಿಯಾರೂಪಗಳಲ್ಲಿ ಆ ಭೇದ ಸ್ವಲ್ಪ ಕಾಣುತ್ತದೆ. ಎರಡನೆಯದು ಎದುರಿನವನನ್ನು ಕೈಹಿಡಿದು ಕರೆಯುತ್ತದೆ. ಇದು ನನಗೆ ಹೊಳೆದದ್ದು ತಡವಾಗಿ.

ದಸರಾ ರಜೆ ಬಂದಾಗ “ನಮ್ಮೂರಿಗೆ ಹೋಗೋಣ” ಎಂದೆ. ಅವನು ಪುಸ್ತಕದಿಂದ ತಲೆಯೆತ್ತಿ, “ಯಾರ್ಯಾರು?” ಎಂದು ಕೇಳಿದ.