ವಚನದ ಓದು ಮತ್ತು ಮಕ್ಕಳ ದಿನಚರಿ

ಮಕ್ಕಳಿಂದ ವಚನಗಳನ್ನು ಬಾಯಿಪಾಠ ಮಾಡಿಸುವುದು ನಮ್ಮ ಮನೆಗಳಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಅದು ಒಳ್ಳೆಯದೇ. ಆದರೆ ಕಂಠಸ್ಥವಾದ ವಚನವು ಮಗುವಿನ ಮನಸ್ಸಿನಲ್ಲಿ ಏನನ್ನು ಎಬ್ಬಿಸಿತೆಂಬುದು ಬಾಯಿಪಾಠದಿಂದ ತಿಳಿಯದು. ಅದನ್ನು ತಿಳಿಯಲೆಂದೇ ಕೆಲವು ಉಪಾಧ್ಯಾಯರು ಓದಿನ ದಿನಚರಿಯನ್ನು ಬರೆಯಿಸುವರು. ವಿದ್ಯಾರ್ಥಿಯು ಓದಿದುದರ ವಿಷಯದಲ್ಲಿ ತನಗೆ ತೋರಿದುದನ್ನು ತನ್ನ ಮಾತಿನಲ್ಲಿಯೇ ಬರೆದಿಡುವ ಪುಸ್ತಕವದು. ಬರೆಯಿಸುವುದು ಸುಲಭ, ಬರೆದುದನ್ನು ತೂಗಿ ನೋಡುವುದು ಕಠಿನ.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನೇ ತೆಗೆದುಕೊಳ್ಳೋಣ. ಮಾರಯ್ಯನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರಬೇಕೆಂದು ಆಕೆ ಹೇಳಿದಳೆಂಬುದು ಎಲ್ಲರೂ ಬಲ್ಲ ಸಂಗತಿ. ಇದನ್ನೋದಿ ಇಬ್ಬರು ಮಕ್ಕಳು ಬರೆದರೆಂದು ಭಾವಿಸೋಣ. ಒಬ್ಬನು, ಲಕ್ಕಮ್ಮನು ಕಾಯಕದ ಮಹತ್ವವನ್ನೂ ನಿರಾಶೆಯ ಹಿರಿಮೆಯನ್ನೂ ಜಗತ್ತಿಗೆ ಸಾರಿದಳೆಂದು ಬರೆಯುತ್ತಾನೆ. ಕಲಬುರಗಿಯ ಮಗ್ಗುಲಿನ ತಾಜಸುಲ್ತಾನಪುರದಂತಹ ಊರಿನ ಇನ್ನೊಂದು ಮಗುವು, ರಾಶಿ ಮುಗಿದ ತೊಗರಿಯ ಹೊಲದಲ್ಲಿ ಹಕ್ಕಲು ಆಯುವವರನ್ನು ನಾನು ನೋಡಿದ್ದೇನೆ, ಹೆಚ್ಚು ಸಿಕ್ಕ ದಿನ ಅವರು ಸಂತೋಷಪಡುತ್ತಾರೆ, ಮರುದಿನ ಏನೂ ಸಿಕ್ಕದೆ ಹೋಗಿದ್ದರೆ ಲಕ್ಕಮ್ಮ ಏನು ಮಾಡುತ್ತಿದ್ದಳು ಎಂದು ಬರೆಯುತ್ತದೆ. ಕೆಂಪು ಶಾಯಿಯು ಸಾಮಾನ್ಯವಾಗಿ ಮೊದಲನೆಯವನಿಗೆ ಒಲಿಯುತ್ತದೆ; ಅವನ ವಾಕ್ಯದಲ್ಲಿ ತಪ್ಪಿಲ್ಲ, ಭಕ್ತಿಗೂ ಕೊರತೆಯಿಲ್ಲ. ಆದರೆ ಆ ವಾಕ್ಯವನ್ನು ಪ್ರಸಂಗವನ್ನೋದದೆಯೂ ಬರೆಯಬಹುದಲ್ಲವೇ?

ಇಂತಹ ಸಿದ್ಧ ಉತ್ತರಗಳ ತೊಡಕು ನಮ್ಮದಷ್ಟೇ ಅಲ್ಲ. ಕೇಂಬ್ರಿಜ್‌ನಲ್ಲಿ ಐ. ಎ. ರಿಚರ್ಡ್ಸ್ ಎಂಬ ಅಧ್ಯಾಪಕರು ಕವಿಗಳ ಹೆಸರನ್ನು ಮರೆಮಾಡಿ ಪದ್ಯಗಳನ್ನು ವಿದ್ಯಾರ್ಥಿಗಳ ಕೈಗಿತ್ತು, ಅವರು ಬರೆದುಕೊಟ್ಟ ಅಭಿಪ್ರಾಯಗಳನ್ನು ಪರಿಶೀಲಿಸಿ 1929ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಎದುರಿನ ಪದ್ಯವನ್ನು ಬಿಟ್ಟು ಮೊದಲೇ ಮನಸ್ಸಿನಲ್ಲಿದ್ದ ಭಾವವನ್ನೇ ಅದರ ಮೇಲೆ ಹೊರಿಸುವುದು ಅವರು ಗುರುತಿಸಿದ ದೋಷಗಳಲ್ಲಿ ಒಂದು. ವಚನದ ಅಂಕಿತವನ್ನು ಕಂಡೊಡನೆಯೇ ಅರ್ಥ ಬರೆಯತೊಡಗುವ ನಮ್ಮ ಮಕ್ಕಳ ಮೇಲೆಯೂ ಇದನ್ನೊಮ್ಮೆ ಪ್ರಯೋಗಿಸಿ ನೋಡಬಹುದು. (ಹಿರಿಯರ ಮೇಲೆ ಪ್ರಯೋಗಿಸಿದರೆ ಫಲವು ಬೇರೆಯಾದೀತೆಂದು ನನಗೆ ತೋರದು.)

ಹಾಗೆಂದು ಪ್ರಶ್ನೆ ಎತ್ತಿದ ಮಾತ್ರಕ್ಕೆ ಬರೆಹವು ಉತ್ತಮವಾಗದು. ಹಕ್ಕಲಿನ ಮಾತನ್ನೇ ಪುಟ ತುಂಬ ಬೆಳೆಸಿ ಲಕ್ಕಮ್ಮನನ್ನು ಮರೆತರೆ ಅದೂ ಓದಲ್ಲ. ಮಗುವು ತನ್ನ ಹೊಲದಿಂದ ವಚನದ ಮಾತಿಗೆ ಮರಳಿ ಬರುವುದೇ ಎಂಬುದನ್ನು ನೋಡತಕ್ಕದ್ದು. ಬಾರದಿದ್ದರೆ ಅಂಕವನ್ನು ಕಳೆಯುವ ಮುನ್ನ ಅಂಚಿನಲ್ಲಿ ಹೀಗೆ ಬರೆಯಬಹುದು: ‘ಲಕ್ಕಮ್ಮನಿಗೆ ನಾಳೆಯ ಭಯವೇ ಇರಲಿಲ್ಲವೋ, ಇದ್ದೂ ಬೇಡವೆಂದಳೋ? ಆಕೆಯ ಯಾವ ಮಾತಿನಿಂದ ಹೇಳುವೆ?’ ಬೆಲೆ ಕಟ್ಟಬೇಕಾದುದು ಮುಂದಿನ ವಾರ ಮಗುವು ಬರೆಯುವ ಉತ್ತರಕ್ಕೆ.

ಇದಕ್ಕೆ ಮಾದರಿ ನಮ್ಮಲ್ಲಿಯೇ ಉಂಟು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಬಿಡಿಬಿಡಿಯಾಗಿದ್ದ ವಚನಗಳನ್ನು ಸಂವಾದವಾಗಿ ಹೆಣೆದು ಶೂನ್ಯಸಂಪಾದನೆಯನ್ನು ರಚಿಸಿದನು. ಓದಿದ ವಚನಕ್ಕೆ ಎದುರು ವಚನವನ್ನಿಟ್ಟು, ನಡುವೆ ತನ್ನ ಮಾತನ್ನು ಸೇರಿಸಿದ ಆ ಗ್ರಂಥವನ್ನು ಒಬ್ಬ ಮಹಾ ಓದುಗನ ದಿನಚರಿಯೆಂದರೂ ಸಲ್ಲುವುದು. ಅದರಲ್ಲಿ ಕಲ್ಯಾಣಕ್ಕೆ ಬಂದ ಮಹಾದೇವಿಯಕ್ಕನನ್ನು ಅಲ್ಲಮಪ್ರಭುವು ಪರೀಕ್ಷಿಸುವ ರೀತಿಯನ್ನು ಗಮನಿಸಿರಿ. ಮೊದಲ ಉತ್ತರಕ್ಕೆ ಆತನು ತಲೆದೂಗಿ ಸುಮ್ಮನಾಗುವುದಿಲ್ಲ. ದೇಹದ ಹಂಗನ್ನು ತೊರೆದವಳು ಕೂದಲನ್ನೇಕೆ ಮರೆಮಾಡಿಕೊಂಡೆಯೆಂದು, ಆಕೆಯ ಮಾತನ್ನು ಆಕೆಯ ನಡೆಯೊಡನೆ ಒರೆದು ಮತ್ತೆ ಕೇಳುತ್ತಾನೆ. ಆಕೆಯ ನಿಲುವು ತೆರೆದುಕೊಳ್ಳುವುದು ಹೀಗೆ ಮರಳಿ ಕೇಳಿದುದರಿಂದ.

ನಮ್ಮ ರಾಜ್ಯದ ಹತ್ತನೆಯ ತರಗತಿಯಲ್ಲಿ ಪ್ರಥಮ ಭಾಷೆಯ 125 ಅಂಕಗಳಲ್ಲಿ 25 ಆಂತರಿಕ ಮೌಲ್ಯಮಾಪನಕ್ಕೆ ಮೀಸಲಾಗಿವೆ. ಮನಸ್ಸುಳ್ಳ ಉಪಾಧ್ಯಾಯರಿಗೆ ಇಷ್ಟು ಅವಕಾಶ ಸಾಕು.

ಗೃಹಸ್ಥರ ಪಾತ್ರ ಇನ್ನೂ ದೊಡ್ಡದು. ಪುಸ್ತಕವು ಮನೆಗೆ ಬರುತ್ತದೆ. ಶರಣರನ್ನು ಕುರಿತ ಸಂದೇಹವು ತಂದೆಯ ಕಣ್ಣಿಗೆ ಬೀಳುತ್ತದೆ. ಆತನು ಅದನ್ನು ಅವಿಧೇಯತೆಯೆಂದು ಗದರಿದರೆ, ಮಗುವು ಅಂದಿನಿಂದ ಮೆಚ್ಚುವ ಮಾತನ್ನಷ್ಟೇ ಬರೆಯುವುದನ್ನು ಕಲಿಯುತ್ತದೆ. ಬಳಿಕ ಅದರ ಮನಸ್ಸು ತಂದೆಗೂ ತಿಳಿಯದು, ಗುರುವಿಗೂ ತಿಳಿಯದು. ಇನ್ನು ಮನೆಯ ಬಡತನವೋ ಜಗಳವೋ ಪುಟದಲ್ಲಿ ಬಂದಿದ್ದರೆ ಆ ಭಾಗಕ್ಕೆ ಅಂಕವನ್ನೇ ಹಾಕಬಾರದು, ತರಗತಿಯಲ್ಲಿ ಓದಿಸಲೂಬಾರದು. ತಿಂಗಳ ಕೊನೆಗೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಪುಟವನ್ನೂ ಕೊನೆಯ ಪುಟವನ್ನೂ ಒಟ್ಟಿಗೆ ಓದಿರಿ. ನಡುವೆ ಏನು ಬದಲಾಯಿತೆಂದು ಅದನ್ನೇ ಕೇಳಿರಿ.