ತೇವಮಾಪಕವು ಅಳೆಯುವುದೇನನ್ನು?

ಬ್ರಿಟನ್ನಿನಲ್ಲಿ ಹಳೆಯ ಮನೆಯನ್ನು ಕೊಳ್ಳಹೊರಟವನಿಗೆ ಸಾಲ ಕೊಡುವ ಸಂಸ್ಥೆಯು ಅನೇಕ ವೇಳೆ ಒಂದು ಷರತ್ತನ್ನು ವಿಧಿಸುತ್ತದೆ: ಗೋಡೆಗಳ ತೇವವನ್ನೂ ಮರಮುಟ್ಟುಗಳ ಸ್ಥಿತಿಯನ್ನೂ ಮೊದಲು ಪರೀಕ್ಷೆ ಮಾಡಿಸಬೇಕು. ಪರೀಕ್ಷಕನು ಎರಡು ಸೂಜಿಗಳುಳ್ಳ ಸಣ್ಣ ಮಾಪಕವೊಂದನ್ನು ಗೋಡೆಗೆ ಒತ್ತುತ್ತಾನೆ. ಕೆಂಪು ದೀಪ ಹೊತ್ತುತ್ತದೆ. ನೆಲದಿಂದ ತೇವ ಏರುತ್ತಿದೆಯೆಂದು ವರದಿಯಾಗುತ್ತದೆ. ಗೋಡೆಯುದ್ದಕ್ಕೂ ರಂಧ್ರ ಕೊರೆದು ರಾಸಾಯನಿಕ ತುಂಬಿಸಲು ಕೊಳ್ಳುವವನು ಸಾವಿರಾರು ಪೌಂಡುಗಳನ್ನು ತೆರಬೇಕಾಗಬಹುದು. ವರದಿ ಬರೆದವನೇ ಆ ಕೆಲಸದ ಗುತ್ತಿಗೆದಾರನಾಗಿರುವುದೂ ಉಂಟು.

ಆದರೆ ಮಾಪಕವು ಅಳೆದುದು ನೀರನ್ನಲ್ಲ, ಸೂಜಿಗಳ ನಡುವಣ ವಿದ್ಯುದ್ರೋಧವನ್ನು. ಮರದ ಮಟ್ಟಿಗೆ ಇದು ಸಾಧುವಾದ ಉಪಾಯವೇ. 100 ಗ್ರಾಂ ಒಣಮರದಲ್ಲಿ 7 ಗ್ರಾಂ ನೀರಿರುವಾಗಿನ ರೋಧವು 25 ಗ್ರಾಂ ಇರುವಾಗಿನ ರೋಧಕ್ಕಿಂತ ಹತ್ತಾರು ಸಾವಿರ ಪಟ್ಟು ಹೆಚ್ಚು. ಮಾಪಕದ ಅಂಕಗಳನ್ನು ಗುರುತಿಸಿರುವುದೂ ಮರಕ್ಕಾಗಿಯೇ.

ಇಟ್ಟಿಗೆಯ ಮಾತು ಬೇರೆ. ಶುದ್ಧಜಲವು ದುರ್ಬಲ ವಾಹಕ. ಅದರಲ್ಲಿ ವಿದ್ಯುತ್ತನ್ನು ಒಯ್ಯುವುವು ಕರಗಿದ ಲವಣಗಳ ಅಯಾನುಗಳು. ಹಳೆಯ ಗೋಡೆಗಳಲ್ಲಿ ನೆಲದಿಂದ ಬಂದ ನೈಟ್ರೇಟುಗಳೂ ಕ್ಲೋರೈಡುಗಳೂ ಸೇರಿಕೊಂಡಿರುತ್ತವೆ. ಇವು ಮಳೆಗಾಲದ ಅಡಿಗೆಯುಪ್ಪಿನಂತೆ ಗಾಳಿಯಿಂದಲೇ ತೇವವನ್ನು ಹೀರುತ್ತವೆ. ಅಲ್ಪ ನೀರಿದ್ದರೂ ರೋಧ ಕುಸಿಯುತ್ತದೆ, ಮಾಪಕ ಕೆಂಪಾಗುತ್ತದೆ. ವಿದ್ಯಾರ್ಥಿಗಳು ಇದನ್ನು ತಾವೇ ನೋಡಬಹುದು: ಎರಡು ಇಟ್ಟಿಗೆಚೂರುಗಳಲ್ಲಿ ಒಂದಕ್ಕೆ ಆಸವಿತ ಜಲವನ್ನೂ ಇನ್ನೊಂದಕ್ಕೆ ಅಷ್ಟೇ ತೂಕದ ಉಪ್ಪುನೀರನ್ನೂ ಕುಡಿಸಿ ರೋಧಗಳನ್ನು ಹೋಲಿಸಿದರಾಯಿತು.

ಹಾಗೆಂದು ತೇವ ಏರುವುದೇ ಸುಳ್ಳೆನ್ನುವಂತಿಲ್ಲ. 0.01 ಮಿಲಿಮೀಟರ್ ತ್ರಿಜ್ಯದ ಲೋಮನಾಳದಲ್ಲಿ ನೀರು ಸುಮಾರು 1.5 ಮೀಟರ್ ಏರಬಲ್ಲುದು. ಗೋಡೆಯಲ್ಲಿ ಅದು ದಾರಿಯಲ್ಲೇ ಆವಿಯಾಗುವುದರಿಂದ ಒಂದು ಮೀಟರನ್ನು ದಾಟುವುದು ವಿರಳ. ಇದನ್ನು ತಡೆಯಲೆಂದೇ ಅಲ್ಲಿ ಗೋಡೆಯ ಬುಡದಲ್ಲಿ ಸ್ಲೇಟುಕಲ್ಲಿನಂತಹ ನೀರು ಹಾಯದ ಪದರವನ್ನು ಇಡುವುದು. ಹೊರಗೆ ರಾಶಿಬಿದ್ದ ಮಣ್ಣು ಆ ಪದರವನ್ನು ಮುಚ್ಚಿದರೆ ನೀರು ಅದನ್ನು ಬಳಸಿ ಒಳಬರುತ್ತದೆ. ಆಗ ಬೇಕಾದುದು ರಾಸಾಯನಿಕವಲ್ಲ, ಗುದ್ದಲಿ!

ಸಂಶಯವನ್ನು ಪರಿಹರಿಸಲು ಗೋಡೆಯ ಒಳಭಾಗದಿಂದ ಪುಡಿ ಕೊರೆದು ತೆಗೆಯಬೇಕು. ತೂಗಿದ ಪುಡಿಯನ್ನು ಕ್ಯಾಲ್ಸಿಯಂ ಕಾರ್ಬೈಡಿನೊಡನೆ ಮುಚ್ಚಿದ ಪಾತ್ರೆಯಲ್ಲಿ ಕುಲುಕಿದರೆ ನೀರಿಗೆ ತಕ್ಕಷ್ಟು ಅಸಿಟಿಲೀನ್ ಹುಟ್ಟುತ್ತದೆ; ಅದರ ಒತ್ತಡವೇ ನೀರಿನ ಅಳತೆ. ಅದೇ ಪುಡಿಯ ಇನ್ನೊಂದು ಭಾಗವನ್ನು ಒಣಗಿಸಿ, ಶೇಕಡಾ 75 ಸಾಪೇಕ್ಷ ಆರ್ದ್ರತೆಯ ಗಾಳಿಯಲ್ಲಿ ಇಟ್ಟು ಮತ್ತೆ ತೂಗಬೇಕು. ಗಾಳಿಯಿಂದ ಹೀರಿದ ನೀರೇ ಮೊದಲಿನಷ್ಟಿದ್ದರೆ ನೆಲವನ್ನು ದೂರುವಂತಿಲ್ಲ.

ಮಾಪಕದ ನಿಜವಾದ ಕೆಲಸವಿರುವುದು ನೆಲಹಲಗೆಯ ಕೆಳಗೆ, ತೊಲೆಯ ತುದಿ ಗೋಡೆಯೊಳಗೆ ಹುದುಗಿರುವೆಡೆ. ಅಲ್ಲಿ ಶೇಕಡಾ 20ಕ್ಕಿಂತ ಕಡಿಮೆ ತೋರಿದರೆ ಮರವನ್ನು ಕೊಳೆಸುವ ಶಿಲೀಂಧ್ರಗಳು ಸಾಮಾನ್ಯವಾಗಿ ಬೆಳೆಯಲಾರವು. ಮರದಲ್ಲಿ ಹುಳುವಿನ ತೂತುಗಳಿದ್ದ ಮಾತ್ರಕ್ಕೆ ಹೆದರಬೇಕಾಗಿಲ್ಲ. ಹುಳು ಹೋಗಿ ದಶಕಗಳೇ ಕಳೆದಿರಬಹುದು. ತೂತಿನಡಿಯಲ್ಲಿ ಹೊಸದಾಗಿ ಉದುರಿದ ಬಿಳಿಚು ಹುಡಿಯಿದೆಯೇ ಎಂಬುದನ್ನು ನೋಡಬೇಕು.